ಲೇಡೀಸ್ ಶೆಲ್ಫಿನ ಬಾಟಲಿಗಳು

ಮೊನ್ನೆ ಮಧ್ಯಾಹ್ನ ನೀರು ಸೋಸುವ ಯಂತ್ರ ಮಾರುವವನೊಬ್ಬ ನಮ್ಮ ಮನೆಗೆ ಬಂದಿದ್ದ. ಟೈ ಕಟ್ಟಿದ್ದ, ಕತ್ತಿನಲ್ಲಿ ಬೆವರಿಳಿಯುತ್ತಿತ್ತು, ಪಾಪ ಅನ್ನಿಸಿ ಒಳಗೆ ಕರೆದೆ. ನಮ್ಮ ನಲ್ಲಿಯ ನೀರನ್ನೇ ಒಂದು ಗಾಜಿನ ಲೋಟದಲ್ಲಿ ಹಿಡಿದು, ಚೀಲದಿಂದ ಪುಟ್ಟ ಸೀಸೆ ತೆಗೆದು ಒಂದೆರಡು ಹನಿ ಬಿಟ್ಟ. ನೀರು ಬೆಳ್ಳಗೆ ಕದಡಿತು. "ನೋಡಿದ್ರಾ ಅಮ್ಮಾ, ದಿನಾ ಇದನ್ನೇ ಕುಡೀತಿದ್ದೀರಿ" ಅಂದ. ನನಗೆ ಎಲ್ಲಿತ್ತೋ ಕೋಪ, ನೆತ್ತಿಗೇರಿತು. "ಅದು ಸಿಲ್ವರ್ ನೈಟ್ರೇಟ್ ಕಣಪ್ಪ. ನೀರಲ್ಲಿ ಚೂರು ಉಪ್ಪಿದ್ರೂ ಬೆಳ್ಳಗಾಗುತ್ತೆ. ಎಳನೀರಿಗೆ ಹಾಕು, ಆಗುತ್ತೆ. ನಿನ್ನ ಬೆವರಿಗೆ ಹಾಕು, ಆಗುತ್ತೆ. ಯಾರನ್ನ ಹೆದರಿಸೋಕೆ ಬಂದಿದ್ದೀಯ?" ಅಂದೆ. ಅವನು ಲೋಟವನ್ನು ಅಲ್ಲೇ ಬಿಟ್ಟು ಹೊರಟುಹೋದ. "ಅವನ ಹೊಟ್ಟೆಪಾಡು, ಬಿಡಿ ಅತ್ತೆ. ಅಷ್ಟು ಕೋಪ ಯಾಕೆ?" ಎಂದಳು ನನ್ನ ಸೊಸೆ. ನಿಜ ಹೇಳಬೇಕೆಂದರೆ ಆ ಕೋಪ ಅವನ ಮೇಲಿನದಲ್ಲ. ಗಾಜಿನೊಳಗೆ ಬಿಳಿ ಇಳಿಯುವುದನ್ನು ಕಂಡರೆ ನನಗೆ ಒಂದು ವರ್ಷ ನೆನಪಾಗುತ್ತದೆ, ಆ ವರ್ಷ ನೆನಪಾದರೆ ಹೊಟ್ಟೆ ಉರಿಯುತ್ತದೆ. ವರ್ಷಾನುಗಟ್ಟಲೆ ಹೈಸ್ಕೂಲಿನಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದರೂ ಆ ಉರಿ ಆರಿಲ್ಲ.

ಆಗ ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಮೈಸೂರಿನಲ್ಲಿ ನಾನು ಇಂಟರ್‌ಮೀಡಿಯೆಟ್ ಎರಡನೆಯ ವರ್ಷ ಓದುತ್ತಿದ್ದೆ. ಅಪ್ಪನಿಗೆ ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಕಾಫಿ ಸಹ ಇಳಿಯುತ್ತಿರಲಿಲ್ಲ. ಅಂಥ ಮನೆಯ ಹೆಣ್ಣು ಡಾಕ್ಟರಾಗುತ್ತೇನೆ ಎಂದಾಗ ಅಪ್ಪ ಮೂರು ದಿನ ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ, "ಓದು ಮಣ್ಣಿ. ಸೀಟು ಸಿಕ್ಕಿದ್ರೆ ಡಾಕ್ಟರಾಗು, ನಾನೇ ಸ್ಟೆತಾಸ್ಕೋಪು ಕೊಡಿಸ್ತೀನಿ. ಸೀಟು ಸಿಗಲಿಲ್ಲವೋ, ಎರಡನೇ ಸಲ ನನ್ನ ಕೇಳ್ಬೇಡ" ಎಂದರು. ವ್ಯಾಪಾರಸ್ಥರ ಮಾತು, ಒಂದೇ ಮಾತು. ರಾಜಮ್ಮಣ್ಣಿ ಎಂಬ ನನ್ನ ಹೆಸರನ್ನು ಅವರು ಪ್ರೀತಿಯಲ್ಲಿ ಮಾತ್ರ ಮಣ್ಣಿ ಎನ್ನುತ್ತಿದ್ದರು. ಹಾಗಾಗಿ ಆ ಷರತ್ತನ್ನೂ ನಾನು ಪ್ರೀತಿಯೆಂದೇ ತಿಳಿದೆ. ಹೆಣ್ಣುಮಕ್ಕಳಿಗಿದ್ದ ಮೆಡಿಕಲ್ ಸೀಟುಗಳು ಬೆರಳೆಣಿಕೆಯಷ್ಟು. ಬೇಸಿಗೆಯ ಪರೀಕ್ಷೆಯಲ್ಲಿ ಪಾಸಾದವರ ಅಂಕ ನೋಡಿ ಜುಲೈಗೆಲ್ಲ ಪಟ್ಟಿ ಮುಗಿಸಿಬಿಡುತ್ತಿದ್ದರು. ಒಂದು ವಿಷಯ ಹೋದರೆ ಎಲ್ಲ ಹೋದ ಹಾಗೆ.

ನಮ್ಮ ತರಗತಿಯಲ್ಲಿ ಹುಡುಗರು ಬೆಂಚು ತುಂಬಿ ಕಿಟಕಿಯಲ್ಲೂ ಕೂರುವಷ್ಟಿದ್ದರು, ನಾವು ಹುಡುಗಿಯರು ಏಳೇ ಜನ. ಪಾಠ ಒಟ್ಟಿಗೆ, ಲ್ಯಾಬು ಬೇರೆ. ಹುಡುಗರಿಗೆ ಬೆಳಗಿನ ತಂಪಿನಲ್ಲಿ ಪ್ರಾಕ್ಟಿಕಲ್, ನಮಗೆ ಮಧ್ಯಾಹ್ನ ಊಟವಾದ ಮೇಲೆ, ಪಶ್ಚಿಮದ ಬಿಸಿಲು ಕಿಟಕಿಯಿಂದ ನೇರ ಮೇಜಿಗೆ ಬೀಳುವ ಹೊತ್ತಿನಲ್ಲಿ. ಲ್ಯಾಬಿನ ಮೂಲೆಯಲ್ಲಿ ನಮಗೇ ಎಂದು ಒಂದು ಮರದ ಶೆಲ್ಫು, ಅದಕ್ಕೊಂದು ಬೀಗ, ಒಂದು ಹಸಿರು ಪರದೆ. ಅದನ್ನು ಎಲ್ಲರೂ ಲೇಡೀಸ್ ಶೆಲ್ಫ್ ಎನ್ನುತ್ತಿದ್ದರು. ಹುಡುಗರಿಗೆ ಕಂಡುಹಿಡಿಯಲು ಕೊಡುತ್ತಿದ್ದುದು ಲವಣದ ಪುಡಿ, ಅವರೇ ತೂಗಿ ಕರಗಿಸಿಕೊಳ್ಳಬೇಕು. ನಮಗೆ ಕರಗಿಸಿಟ್ಟ ದ್ರಾವಣವನ್ನೇ ಬಾಟಲಿಯಲ್ಲಿ ಕೊಡುತ್ತಿದ್ದರು. ಇದೆಲ್ಲ ಡೆಮಾನ್‌ಸ್ಟ್ರೇಟರ್ ವೆಂಕೋಬರಾಯರ ವ್ಯವಸ್ಥೆ. ಬಹಳ ಒಳ್ಳೆಯ ಮನುಷ್ಯ, ನಮ್ಮನ್ನು ಅಮ್ಮಾ ಎನ್ನದೆ ಮಾತಾಡಿಸಿದವರಲ್ಲ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಆ ವರ್ಷ ಕಲಿತೆ.

ಲ್ಯಾಬಿನ ದಿನ ನಾನು ಮನೆಗೆ ಬಂದರೆ ಅಜ್ಜಿ ಹೊಸ್ತಿಲಲ್ಲೇ ತಡೆಯುತ್ತಿದ್ದರು. ಗಂಧಕದ ಗ್ಯಾಸಿನ ಕೊಳೆತ ಮೊಟ್ಟೆ ವಾಸನೆ ಸೀರೆಗೆ ಹತ್ತಿರುತ್ತಿತ್ತು.

"ಶಿವ ಶಿವಾ, ಮೊಟ್ಟೆ ತಿಂದ್ಕೊಂಡು ಬಂದ್ಯೇನೇ?"

"ಅದು ಗ್ಯಾಸು ಕಣಜ್ಜಿ."

"ಯಾವ ಕೋಳಿ ಕಣೇ ಗ್ಯಾಸ್ ಇಡೋದು? ಹೋಗು, ತಲೆಗೆ ನೀರು ಹುಯ್ಕೊಂಡು ವಿಭೂತಿ ಇಟ್ಕೊಂಡು ಬಾ."

ವಾರಕ್ಕೆರಡು ಸಲ ತಲೆಸ್ನಾನ ಮಾಡಿ ಮಾಡಿ ನನ್ನ ಕೂದಲು ಉದುರಿತು. ವಿಜ್ಞಾನಕ್ಕಾಗಿ ನಾನು ಮಾಡಿದ ಮೊದಲ ತ್ಯಾಗ ಅದು.

ನನ್ನ ಮೇಜಿನ ಪಕ್ಕದವಳು ಪುಟ್ಟಲಕ್ಷ್ಮಿ. ಕುಂಬಾರಕೊಪ್ಪಲಿನ ಬೇಸಾಯಗಾರರ ಮನೆಯ ಹುಡುಗಿ, ಅವರ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಅವಳಿಗೂ ಮೆಡಿಕಲ್ ಸೀಟೇ ಬೇಕಿತ್ತು. ಹೊಲದ ಬದುವಿನ ಮೇಲೆ ನಡೆದ ಕಾಲು, ಸರಸರ ನಡೆದು ಬರುತ್ತಿದ್ದಳು. ಬುತ್ತಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಅದರಲ್ಲಿ ಅರ್ಧ ನನ್ನದು. ನನ್ನ ಕೋಪ ಕಂಡು, "ನಿಂಗೆ ಮೂಗಿನ್ ತುದೀಲೇ ಮುನಿಯಪ್ಪ ಕೂತವ್ನೆ ಕಣೆ" ಎಂದು ನಗುತ್ತಿದ್ದಳು.

ಆ ವರ್ಷ ನಮ್ಮ ಪ್ರೊಫೆಸರು ಹೇಳಿಕೊಟ್ಟ ಒಂದು ಲೆಕ್ಕಕ್ಕೆ ನಾನು ಮನಸೋತೆ. ಎರಡು ತಿಳಿ ದ್ರಾವಣಗಳನ್ನು ಬೆರೆಸಿದರೆ ಕೆಲವು ಸಲ ಗಷ್ಟು ಕಟ್ಟಿಕೊಂಡು ತಳಕ್ಕೆ ಇಳಿಯುತ್ತದೆ, ಕೆಲವು ಸಲ ಇಳಿಯುವುದಿಲ್ಲ. ಇಳಿಯುವ ಗಷ್ಟಿಗೆ ಪ್ರೆಸಿಪಿಟೇಟ್ ಎಂದು ಹೆಸರು. "ಬೆರೆಸಿದ ಮೇಲೆ ಯಾರು ಬೇಕಾದರೂ ಹೇಳ್ತಾರೆ. ಬೆರೆಸೋ ಮೊದಲೇ ಹೇಳಿ, ಬೀಳುತ್ತೋ ಇಲ್ಲವೋ" ಎನ್ನುತ್ತಿದ್ದರು ಅವರು. ಒಂದೊಂದು ಪದಾರ್ಥವನ್ನೂ ನೀರು ಇಂತಿಷ್ಟೇ ಎಂದು ಹೊರುತ್ತದೆ. ಎರಡು ಬಾಟಲಿಯಲ್ಲಿ ಎಷ್ಟೆಷ್ಟಿದೆ ಎಂದು ಗುಣಿಸಿ ನೋಡಬೇಕು. ಬಂದ ಗುಣಲಬ್ಧ ಆ ಮಿತಿಯನ್ನು ದಾಟಿದರೆ ಬೀಳುತ್ತದೆ, ದಾಟದಿದ್ದರೆ ಬೀಳುವುದಿಲ್ಲ. ಸಿಟಿ ಬಸ್ಸಿನ ಹಾಗೆ, ಒಳಗೆ ಜಾಗವಿರುವ ತನಕ ಯಾರೂ ರಸ್ತೆಯಲ್ಲಿ ಉಳಿಯುವುದಿಲ್ಲ. ನನಗೆ ಇದು ಎಷ್ಟು ಹಿಡಿಸಿತೆಂದರೆ ಮನೆಯ ಗೋಡೆಯ ಮೇಲೆಲ್ಲ ಇದ್ದಿಲಿನಲ್ಲಿ ಗುಣಾಕಾರ ಬರೆದು ಅಮ್ಮನಿಂದ ಬೈಸಿಕೊಂಡೆ. ಕಣ್ಣಿಗೆ ಕಾಣುವ ಮೊದಲೇ ಗೊತ್ತಾಗುವುದು ಎಂಬ ಸುಖ ಅದುವರೆಗೆ ನಮ್ಮ ಮನೆಯಲ್ಲಿ ಜೋಯಿಸರಿಗೆ ಮಾತ್ರ ಇತ್ತು.

ತಕರಾರು ಬಂದದ್ದು ಸೀಸದಿಂದ. ಲವಣ ಪರೀಕ್ಷೆಯಲ್ಲಿ ಮೊದಲ ಗುಂಪು ಎನ್ನುವ ಮೊದಲ ಹೆಜ್ಜೆಯೇ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕುವುದು. ಸೀಸವಿದ್ದರೆ ಬಿಳಿ ಬೀಳಬೇಕು, ಪುಸ್ತಕದಲ್ಲಿ ಹಾಗೆಯೇ ಬರೆದಿದೆ. ನಮ್ಮ ಬಾಟಲಿಗಳಲ್ಲಿ ಅದು ಬೀಳುತ್ತಲೇ ಇರಲಿಲ್ಲ. ಟ್ಯೂಬು ಅಲುಗಿಸಿದರೂ, ಮಂತ್ರ ಹಾಕಿದರೂ, ನೀರು ತಿಳಿಯಾಗಿಯೇ ಇರುತ್ತಿತ್ತು. ಮುಂದಿನ ಹೆಜ್ಜೆಯಲ್ಲಿ ಗಂಧಕದ ಗ್ಯಾಸು ಬಿಟ್ಟರೆ ಕಪ್ಪು ಬರುತ್ತಿತ್ತು. ಕ್ರೋಮೇಟ್ ಹಾಕಿದರೆ ಹಳದಿ. ಅಂದರೆ ಸೀಸ ಇದೆ, ಮೊದಲನೆಯದರಲ್ಲಿ ಮಾತ್ರ ಮುಖ ತೋರಿಸುತ್ತಿಲ್ಲ. ವೆಂಕೋಬರಾಯರನ್ನು ಕೇಳಿದೆ.

"ನಿಮ್ಮ ಕೈ ಬಿಸಿ ಕಣಮ್ಮ" ಎಂದರು ಅವರು, ಬಹಳ ಮರುಕದಿಂದ. "ಹೆಣ್ಣುಮಕ್ಕಳ ಕೈಗೆ ಉಷ್ಣ ಜಾಸ್ತಿ. ನೀವು ಟ್ಯೂಬನ್ನ ಮುಷ್ಟೀಲಿ ಹಿಡೀತೀರಿ, ಲೆಡ್ ಕ್ಲೋರೈಡ್ ಬಿಸಿಗೆ ಕರಗಿಹೋಗುತ್ತೆ."

ಲೆಡ್ ಕ್ಲೋರೈಡ್ ಬಿಸಿನೀರಿನಲ್ಲಿ ಕರಗುವುದು ನಿಜ. ಅರ್ಧ ನಿಜವನ್ನು ಹೀಗೆ ಅಂಗೈಯಲ್ಲಿಟ್ಟು ಕೊಟ್ಟರೆ ಯಾರಿಗೆ ಅನುಮಾನ ಬರುತ್ತದೆ? ಏಳು ಹುಡುಗಿಯರು ಒಂದು ತಿಂಗಳು ಟ್ಯೂಬಿನ ಕುತ್ತಿಗೆಯನ್ನು ಎರಡು ಬೆರಳ ತುದಿಯಲ್ಲಿ, ಸತ್ತ ಹಲ್ಲಿಯನ್ನು ಹಿಡಿದ ಹಾಗೆ ಹಿಡಿದೆವು. ನಾನಂತೂ ಹೂಜಿಯ ನೀರಿನಲ್ಲಿ ಕೈ ಅದ್ದಿಕೊಂಡೂ ನೋಡಿದೆ. ಬಿಳಿ ಬೀಳಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಗಿಂತ ಹೆಚ್ಚಾಗಿ ಮೈ ಉರಿಯುತ್ತದೆ. ನಮ್ಮ ಕೈಗಳನ್ನೇ ನಾವು ನಂಬದ ಹಾಗೆ ಮಾಡಿದರು.

ಹಿಂದಿನ ವರ್ಷದ ಅಕ್ಕಂದಿರು ಇದಕ್ಕೊಂದು ದಾರಿ ಮಾಡಿಟ್ಟಿದ್ದರು. ಕಾಣಲಿ ಬಿಡಲಿ, ಬಿಳಿ ಎಂದು ಬರೆದುಬಿಡುವುದು. ಅದಕ್ಕೆ ನಮ್ಮಲ್ಲಿ ಸರ್ಕಾರಿ ಬಿಳಿ ಎಂದು ಹೆಸರು. ಮೇಷ್ಟ್ರು ಟ್ಯೂಬು ನೋಡಲು ಬಂದರೆ ಕರವಸ್ತ್ರದ ಗಂಟಿನಿಂದ ಒಂದು ಚಿಟಿಕೆ ಮುಖದ ಪೌಡರು. ಪೌಡರು ಆಸಿಡ್ಡಿಗೆ ಜಗ್ಗುವುದಿಲ್ಲ. ಮೊದಲು ತೇಲುತ್ತದೆ, ಚೆನ್ನಾಗಿ ಅಲುಗಿಸಿದರೆ ಮೆಲ್ಲಗೆ ಇಳಿಯುತ್ತದೆ. ದೂರದಿಂದ ನೋಡಿದರೆ ಅಪ್ಪಟ ಪ್ರೆಸಿಪಿಟೇಟು, ಹತ್ತಿರ ಬಂದರೆ ಮದುವೆಮನೆಯ ವಾಸನೆ. ಪುಟ್ಟಲಕ್ಷ್ಮಿ ಇದರಲ್ಲಿ ನಿಸ್ಸೀಮಳು.

"ನೀನೂ ಆಕ್ಬುಡೆ" ಎನ್ನುತ್ತಿದ್ದಳು. "ಸೀಸ ಐತೆ ಅಂತ ನಮ್ಗೆ ಗೊತ್ತಲ್ವಾ? ಸುಳ್ಳೇನ್ ಬರೀತಿಲ್ವಲ್ಲ. ಅವ್ರಿಗೆ ಬಿಳಿ ಬೇಕು, ಬಿಳಿ ಕೊಡಾನ."

"ನನಗೆ ಕಾಣದ್ದನ್ನ ಕಂಡೆ ಅಂತ ಬರೆಯೋಕೆ ಆಗಲ್ಲ."

"ಅಂಗಾರೆ ನೀನು ಡಾಕ್ಟ್ರಾದಂಗೇ ಬುಡು."

ಡಿಸೆಂಬರಿನಲ್ಲಿ ಯಾವುದೋ ರಜೆಯ ಕಾರಣಕ್ಕೆ ತಪ್ಪಿದ ಲ್ಯಾಬನ್ನು ತುಂಬಿಕೊಡಲು ನಮ್ಮನ್ನು ಒಂದು ಬೆಳಗ್ಗೆ ಹುಡುಗರ ಜೊತೆಗೇ ಕರೆದರು. ಚಳಿಯಿತ್ತು, ಕುಕ್ಕರಹಳ್ಳಿ ಕೆರೆಯ ಕಡೆಯ ಮಂಜು ಇನ್ನೂ ಕರಗಿರಲಿಲ್ಲ. ಲೇಡೀಸ್ ಶೆಲ್ಫಿನ ಬೀಗದ ಕೈ ಇದ್ದದ್ದು ವೆಂಕೋಬರಾಯರ ಹತ್ತಿರ, ಅವರು ಅವತ್ತು ತಡವಾಗಿ ಬಂದರು. ನಾನು ಕಾಯದೆ ಹುಡುಗರ ಶೆಲ್ಫಿನಿಂದ ಹೆಸರು ಬರೆದಿಟ್ಟ ಲೆಡ್ ನೈಟ್ರೇಟ್ ದ್ರಾವಣ ತೆಗೆದುಕೊಂಡು, ಅವರದೇ ಆಸಿಡ್ ಹಾಕಿದೆ. ಹಾಕಿದ ಹನಿ ಮುಟ್ಟಿದಲ್ಲೇ ಬಿಳಿ ಎದ್ದು ತಳಕ್ಕಿಳಿಯಿತು. ನನ್ನ ಮುಷ್ಟಿಯಲ್ಲೇ, ನನ್ನ ಈ ಬಿಸಿ ಕೈಯಲ್ಲೇ! ಎಷ್ಟು ಹೊತ್ತು ನೋಡುತ್ತ ನಿಂತೆನೋ ತಿಳಿಯದು. ಸಂತೋಷ ಮೊದಲು ಬಂತು, ಅನುಮಾನ ಅದರ ಹಿಂದೆಯೇ ಬಂತು. ಬೆಳ್ಳಿಯನ್ನಾದರೆ ಎಷ್ಟು ತೆಳ್ಳಗಿನ ದ್ರಾವಣದಲ್ಲಿಟ್ಟರೂ ಕ್ಲೋರೈಡಾಗಿ ಬಿದ್ದೇ ಬೀಳುತ್ತದೆ. ಸೀಸ ಹಾಗಲ್ಲ, ದ್ರಾವಣ ತೆಳುವಾದರೆ ನೀರಿನಲ್ಲೇ ಉಳಿದುಬಿಡುತ್ತದೆ. ಅವತ್ತು ಮನೆಗೆ ಬಂದು ಲೆಕ್ಕವನ್ನು ಹಿಂದುಮುಂದು ಮಾಡಿದೆ. ಬೀಳುತ್ತದೋ ಇಲ್ಲವೋ ಎಂದು ಹೇಳುವ ಲೆಕ್ಕದಿಂದಲೇ, ಬೀಳದಿದ್ದರೆ ಬಾಟಲಿಯಲ್ಲಿ ಎಷ್ಟು ನೀರಿರಬೇಕು ಎಂದೂ ಹೇಳಬಹುದು. ಹತ್ತರಷ್ಟು ನೀರಿಗಿಂತ ಕಡಿಮೆಯೆಂದರೆ ಲೆಕ್ಕ ಕೂಡುತ್ತಿರಲಿಲ್ಲ. ವೆಂಕೋಬರಾಯರಿಗೆ ಹೇಳಿದರೆ, "ಅವತ್ತು ಚಳಿ ಇತ್ತಲ್ಲಮ್ಮ, ಅದಕ್ಕೇ ಕೈ ತಣ್ಣಗಿತ್ತು" ಎಂದು ನಕ್ಕರು. ಪ್ರೊಫೆಸರ ಕೋಣೆಗೆ ಹುಡುಗಿಯೊಬ್ಬಳು ತಾನಾಗಿ ಹೋಗುವ ಪದ್ಧತಿ ಇರಲಿಲ್ಲ, ನಾನೂ ಹೋಗಲಿಲ್ಲ.

ಬೇಸಿಗೆ ಬಂತು. ಚಾಮುಂಡಿ ಬೆಟ್ಟದ ಹುಲ್ಲು ಒಣಗಿ ಸಂಜೆ ಹೊತ್ತು ಬೆಂಕಿಯ ಗೆರೆ ಕಾಣುತ್ತಿತ್ತು. ಥಿಯರಿ ಪೇಪರುಗಳನ್ನು ನಾನು ಎಷ್ಟು ಚೆನ್ನಾಗಿ ಬರೆದೆನೆಂದರೆ ಅಪ್ಪ ಮಂಡಿಯಲ್ಲಿ ಗಿರಾಕಿಗಳಿಗೆಲ್ಲ ನನ್ನನ್ನು ಆಗಲೇ ಡಾಕ್ಟರಮ್ಮ ಮಾಡಿಬಿಟ್ಟಿದ್ದರು. ಪ್ರಾಕ್ಟಿಕಲ್ ಪರೀಕ್ಷೆ ಏಪ್ರಿಲ್ಲಿನಲ್ಲಿ, ಹುಡುಗರದೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಮ್ಮದು. ಹೊರಗಿನ ಊರಿನಿಂದ ಪರೀಕ್ಷಕರೊಬ್ಬರು ಬಂದಿದ್ದರು. ಕರಿ ಕೋಟು, ಕೈಯಲ್ಲಿ ಬೀಸಣಿಗೆ. ನನಗೂ ಪುಟ್ಟಲಕ್ಷ್ಮಿಗೂ ಬಂದದ್ದು ಒಂದೇ ದ್ರಾವಣ. ಎರಡನೆಯ ಹೆಜ್ಜೆಯಲ್ಲಿ ಕಪ್ಪು ಬಂದ ಕೂಡಲೇ ಇಬ್ಬರಿಗೂ ಗೊತ್ತಾಯಿತು, ಸೀಸ. ಅವಳು ಕರವಸ್ತ್ರದ ಗಂಟು ಬಿಚ್ಚಿದ್ದನ್ನು ಕಣ್ಣಂಚಿನಲ್ಲಿ ಕಂಡೆ. ನಾನು ನನ್ನ ಹಾಳೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ: ಮೊದಲ ಗುಂಪಿನಲ್ಲಿ ಪ್ರೆಸಿಪಿಟೇಟ್ ಇಲ್ಲ. ಎರಡನೆಯದರಲ್ಲಿ ಕಪ್ಪು. ಕ್ರೋಮೇಟಿನಲ್ಲಿ ಹಳದಿ. ಸೀಸ ಇದೆ, ದ್ರಾವಣ ಬಹಳ ತೆಳುವಾಗಿರುವುದರಿಂದ ಮೊದಲ ಗುಂಪಿನಲ್ಲಿ ಬಿದ್ದಿಲ್ಲ.

ಪರೀಕ್ಷಕರು ಹಾಳೆ ಓದಿ ಹುಬ್ಬು ಗಂಟಿಕ್ಕಿದರು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲೇ ಬಂದವು, ಬೈಗುಳ ಮಾತ್ರ ಕನ್ನಡದಲ್ಲಿ ಬಂತು.

ಮೊದಲ ಗುಂಪಿನಲ್ಲಿ ಬರದೆ ಸೀಸ ಎಲ್ಲಿಂದ ಬಂತು ಎಂದರು. ನಾನು ಲೆಕ್ಕ ಹೇಳತೊಡಗಿದೆ, ಗುಣಲಬ್ಧ ಮಿತಿಯನ್ನು ದಾಟಿಲ್ಲ, ಬಾಟಲಿಯಲ್ಲಿ ನೀರು ಹೆಚ್ಚಾಗಿದೆ ಎಂದೆ. ಅವರ ಬೀಸಣಿಗೆ ನಿಂತಿತು.

"ಬಾಟಲಿ ಸರಿಯಿಲ್ಲ ಅಂತೀಯಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೋಡು, ಪಕ್ಕದ ಹುಡುಗಿಗೆ ಅದೇ ಬಾಟಲೀಲಿ ಎಷ್ಟು ಚೆನ್ನಾಗಿ ಬಂದಿದೆ!"

ಎರಡು ಮಾರು ದೂರದಲ್ಲಿ ಪುಟ್ಟಲಕ್ಷ್ಮಿಯ ಟ್ಯೂಬಿನಲ್ಲಿ ಪೌಡರು ಶಾಂತವಾಗಿ ತಳ ಸೇರಿತ್ತು. ಅವಳ ಮುಖವೂ ಅಷ್ಟೇ ಬೆಳ್ಳಗಾಗಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅದನ್ನು ಕುದಿಸಿ ನೋಡಿ ಸರ್, ಕರಗುತ್ತದೋ ಎಂದು. ಲೆಡ್ ಕ್ಲೋರೈಡ್ ಆದರೆ ಕುದಿಸಿದರೆ ಕರಗಿ, ಆರಿದರೆ ಸೂಜಿ ಸೂಜಿಯಾಗಿ ಮತ್ತೆ ಬರುತ್ತದೆ. ಪೌಡರು ಹೇಗಿದ್ದದ್ದು ಹಾಗೇ ಇರುತ್ತದೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ನಾನು ಉಳಿಯುತ್ತಿದ್ದೆ, ಅವಳು ಮುಳುಗುತ್ತಿದ್ದಳು. ಹಲ್ಲು ಕಚ್ಚಿಕೊಂಡು ನಿಂತೆ. ಪರೀಕ್ಷಕರು ನನ್ನ ಮೊದಲ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಹಾಗೇ ಕೆಳಗಿನ ಸಾಲುಗಳಿಗೂ ಎಳೆದರು, ಬುಡವೇ ತಪ್ಪಾದ ಮೇಲೆ ಉಳಿದದ್ದು ನೋಡುವ ಅಗತ್ಯವಿಲ್ಲವೆಂದು. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು? ಆ ಗಾದೆ ಕಟ್ಟಿದವರು ಯಾರೂ ಬಗ್ಗಿ ನೆಲ ನೋಡಿದವರಲ್ಲ.

ಫಲಿತಾಂಶದ ದಿನ ಪತ್ರಿಕೆಯಲ್ಲಿ ಆರು ಹುಡುಗಿಯರ ನಂಬರಿತ್ತು, ನನ್ನದಿರಲಿಲ್ಲ. ಥಿಯರಿಯಲ್ಲಿ ತರಗತಿಗೇ ಹೆಚ್ಚು, ಪ್ರಾಕ್ಟಿಕಲ್ಲಿನಲ್ಲಿ ಫೇಲು. ಪೌಡರು ಪಾಸಾಗಿತ್ತು.

ಪುಟ್ಟಲಕ್ಷ್ಮಿ ಓಡಿಬಂದಳು. ಅವಳ ಅಂಕಕ್ಕೆ ಸೀಟು ಖಚಿತವಿತ್ತು, ಆದರೂ ಅಳುತ್ತಿದ್ದಳು. "ನಾನೇ ಓಗಿ ಯೋಳ್ಬುಡ್ತೀನಿ ಕಣೆ. ನಂದು ಪೌಡ್ರು ಅಂತ ಯೋಳ್ಬುಡ್ತೀನಿ. ನೀನ್ ಫೇಲಾಗಿ ನಾನ್ ಡಾಕ್ಟ್ರಾಗೋದು ಎಂಗೆ?"

"ನೀನು ಹೇಳಿದ್ರೆ ನೀನೂ ಫೇಲು, ನಾನೂ ಫೇಲು. ಅದರಿಂದ ಯಾರಿಗೆ ಏನು ಬಂತು? ಸುಮ್ಮನೆ ನನ್ನ ಜೊತೆ ಕಾಲೇಜಿಗೆ ಬಾ" ಎಂದೆ. ಅಷ್ಟು ಹೊತ್ತಿಗೆ ನನಗೆ ಪದ್ಧತಿ ಗಿದ್ಧತಿ ಎಲ್ಲ ಮರೆತುಹೋಗಿತ್ತು.

ಅವಳನ್ನು ಹೊರಗಿನ ಮರದಡಿ ನಿಲ್ಲಿಸಿ ಪ್ರೊಫೆಸರ ಕೋಣೆಗೆ ನೇರವಾಗಿ ನುಗ್ಗಿದೆ. ಅವರು ಬೈಯಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದು ಲ್ಯಾಬಿಗೆ ನಡೆದರು. ವೆಂಕೋಬರಾಯರು ಲೇಡೀಸ್ ಶೆಲ್ಫಿನ ಬೀಗ ತೆಗೆದರು. ಪ್ರೊಫೆಸರು ಲೆಡ್ ನೈಟ್ರೇಟಿನದೊಂದು, ಆಸಿಡ್ಡಿನದೊಂದು ಬಾಟಲಿ ಕೈಗೆ ತೆಗೆದುಕೊಂಡು, "ಬೆರೆಸೋ ಮೊದಲು ಹೇಳು" ಎಂದರು.

"ಬೀಳಲ್ಲ ಸರ್."

ಬೆರೆಸಿದರು. ಬೀಳಲಿಲ್ಲ.

"ಹುಡುಗರ ಶೆಲ್ಫಿನದು?"

"ಬೀಳುತ್ತೆ ಸರ್."

ಬಿತ್ತು. ಜೂನ್ ತಿಂಗಳ ಮೋಡದ ಬೆಳಕಿನಲ್ಲೂ ಎದ್ದು ಕಾಣುವ ಹಾಗೆ ಬಿತ್ತು.

"ನಮ್ಮ ಬಾಟಲಿಗೆ ಕಡೇಪಕ್ಷ ಹತ್ತರಷ್ಟು ನೀರು ಬೆರೆಸಿದ್ದಾರೆ ಸರ್" ಎಂದೆ. ಪ್ರೊಫೆಸರು ವೆಂಕೋಬರಾಯರ ಕಡೆ ತಿರುಗಿದರು. ಅವರು ಮುಚ್ಚಿಡುವ ಪ್ರಯತ್ನ ಕೂಡ ಮಾಡಲಿಲ್ಲ.

"ಒಂದಕ್ಕೆ ಹತ್ತೇ ಸರ್. ಮೂರು ವರ್ಷದ ಹಿಂದೆ ಒಬ್ಬಳ ಸೀರೆ ಮೇಲೆ ಆಸಿಡ್ ಬಿದ್ದು ತೂತಾಯ್ತಲ್ಲ, ಅವರ ತಂದೆ ಬಂದು ಕೂಗಾಡಿದರು. ಅವತ್ತಿಂದ ನಾನೇ ನಿಂತು ನೀರು ಬೆರೆಸ್ತೀನಿ. ನಾಳೆ ಮದುವೆಯಾಗೋ ಹೆಣ್ಣುಮಕ್ಕಳು, ಕೈ ಮುಖ ಸುಟ್ಕೊಂಡ್ರೆ ಯಾರು ಹೊಣೆ?"

"ಆಸಿಡ್ ಸರಿ. ಲೆಡ್ ನೈಟ್ರೇಟಿಗೆ ಯಾಕೆ ನೀರು ಸರ್?" ಎಂದೆ ನಾನು.

"ಸೀಸ ವಿಷ ಅಲ್ವೇನಮ್ಮ?"

"ಮತ್ತೆ ಕೈ ಬಿಸಿ ಅಂದಿರಲ್ಲ?"

"ನೀರು ಬೆರೆಸಿದ್ದೀನಿ ಅಂದ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ..."

ಆ ಮನುಷ್ಯನ ಮುಖದಲ್ಲಿ ಒಂದು ಚೂರು ಕೇಡಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ವೈರಿಯಾದರೆ ಎದುರು ನಿಲ್ಲಬಹುದು. ನಮ್ಮ ಸೀರೆಯನ್ನು ಕಾಯಲು ಹೋಗಿ ನಮ್ಮ ಕಣ್ಣಿಗೆ ಮಣ್ಣೆರಚಿದವರಿಗೆ ಏನೆನ್ನಬೇಕು? ಮೂರು ವರ್ಷ ಮೂರು ತಂಡದ ಹೆಣ್ಣುಮಕ್ಕಳು ಇಲ್ಲದ ಬಿಳಿಯನ್ನು ಇದೆ ಎಂದು ಬರೆದು, ಸುಳ್ಳು ಬರೆಯುವುದೇ ವಿಜ್ಞಾನವೆಂದು ಕಲಿತು ಹೋದರು.

ಪ್ರೊಫೆಸರು ಕೋಣೆಗೆ ವಾಪಸು ಬಂದು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ನೀನು ಹೇಳಿದ್ದು ಅಕ್ಷರಶಃ ಸರಿ. ಯೂನಿವರ್ಸಿಟಿಗೆ ಬರೀತೀನಿ. ಆದರೆ ಬರೆದರೆ ಏನಾಗುತ್ತೆ ಗೊತ್ತಲ್ಲ? ಬಾಟಲಿಗಳೇ ಸರಿಯಿರಲಿಲ್ಲ ಅಂತಾಗುತ್ತೆ. ಲೇಡೀಸ್ ಬ್ಯಾಚಿನ ಪ್ರಾಕ್ಟಿಕಲ್ ಪೂರ್ತಿ ರದ್ದಾಗುತ್ತೆ. ಏಳು ಜನವೂ ಸೆಪ್ಟೆಂಬರಿನಲ್ಲಿ ಮತ್ತೆ ಕೂತ್ಕೋಬೇಕು. ಬರೀಲಾ ಬೇಡವಾ, ನೀನೇ ಹೇಳು" ಎಂದರು.

ಸೆಪ್ಟೆಂಬರಿಗೆ ಹೋದರೆ ಈ ವರ್ಷದ ಸೀಟು ಯಾರಿಗೂ ಇಲ್ಲ. ಕಿಟಕಿಯಾಚೆ ಪುಟ್ಟಲಕ್ಷ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲನ್ನೇ ನೋಡುತ್ತ ನಿಂತಿದ್ದಳು. ನೀರು ಹುಯ್ದವರು ಒಬ್ಬರು, ನೋಡದೆ ಬಿಟ್ಟವರು ಒಬ್ಬರು, ಗೀಟು ಎಳೆದವರು ಇನ್ನೊಬ್ಬರು. ಮೂವರೂ ಸಂಬಳ ತೆಗೆದುಕೊಳ್ಳುವ ದೊಡ್ಡವರು. ತೀರ್ಮಾನ ಮಾತ್ರ ಹದಿನೆಂಟು ವರ್ಷದ ನನ್ನ ತಲೆಗೆ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹೆಣ್ಣುಮಗಳು ಮಾತ್ರ ಸುಮ್ಮನಾಗಬೇಕು. ಪ್ರೊಫೆಸರು ಸಭ್ಯರು, ನನ್ನ ಲೆಕ್ಕವನ್ನು ಒಪ್ಪಿದ ಮೊದಲ ಮನುಷ್ಯ, ನಾನು ಇವತ್ತಿಗೂ ಗೌರವಿಸುವ ಮೇಷ್ಟ್ರು. ಆ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದನ್ನು ಮಾತ್ರ ನಾನು ಕ್ಷಮಿಸಿಲ್ಲ.

"ಬರೀಬೇಡಿ ಸರ್" ಎಂದೆ. "ಆದರೆ ಆ ಶೆಲ್ಫು ತೆಗೆಸಿ. ಇವತ್ತೇ ತೆಗೆಸಿ. ನಾನು ನೋಡ್ಕೊಂಡು ಹೋಗ್ತೀನಿ."

ತೆಗೆಸಿದರು. ಹಸಿರು ಪರದೆ ಕಿತ್ತು, ಬಾಟಲಿಗಳನ್ನೆಲ್ಲ ತೊಟ್ಟಿಗೆ ಸುರಿದು, ಶೆಲ್ಫನ್ನು ಹೊರಗೆ ಹಾಕುವ ತನಕ ನಾನು ಬಾಗಿಲಲ್ಲಿ ನಿಂತಿದ್ದೆ. ವೆಂಕೋಬರಾಯರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಕರುಣೆ ಬರಲಿಲ್ಲ.

ಮನೆಯಲ್ಲಿ ಅಪ್ಪ ಇಡೀ ಕಥೆ ಕೇಳಿದರು. "ಹಾಲಿಗೆ ನೀರು ಬೆರೆಸೋನಿಗೆ ಮುನಿಸಿಪಾಲಿಟಿಯವರು ದಂಡ ಹಾಕ್ತಾರೆ. ಇವರಿಗೆ ಸಂಬಳ ಕೊಡ್ತಾರೆ!" ಎಂದರು. ಎರಡನೆಯ ಸಲ ಕೇಳಬೇಡ ಎಂದಿದ್ದ ಮಾತನ್ನು ತಾವೇ ಮುರಿದು, ಸೆಪ್ಟೆಂಬರ್ ಪರೀಕ್ಷೆಗೆ ಕೂರು, ಬಿ.ಎಸ್ಸಿ.ಗಾದರೂ ಸೇರು ಎಂದರು. ಸೀಟಿನ ಆಸೆ ಮಾತ್ರ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕೋಣವೆಂದರೆ, ಒಂದೇ ಸಲಕ್ಕೆ ಪಾಸಾದವರೇ ಸೀಟಿಗಿಂತ ಹೆಚ್ಚಿರುವಾಗ ಸೆಪ್ಟೆಂಬರಿನವರನ್ನು ಕೇಳುವವರು ಯಾರು? ಜುಲೈಯಲ್ಲಿ ಪುಟ್ಟಲಕ್ಷ್ಮಿ ಮೆಡಿಕಲ್ ಸೇರಿದಳು. ಬಹಳ ಒಳ್ಳೆಯ ಡಾಕ್ಟರಾದಳು, ನನ್ನ ಎರಡೂ ಹೆರಿಗೆ ಅವಳ ಕೈಯಲ್ಲೇ ಆಯಿತು. ಅವಳ ಮೇಲೆ ನನಗೆ ಒಂದು ದಿನವೂ ಕೋಪ ಬಂದದ್ದಿಲ್ಲ. ಅವಳು ಪೌಡರು ಹಾಕಿದ್ದು ಬದುಕಲಿಕ್ಕೆ. ಹಾಕುವ ಹಾಗೆ ಮಾಡಿದವರ ಮೇಲೆ ನನ್ನ ಕೋಪ.

ಸೆಪ್ಟೆಂಬರಿನಲ್ಲಿ ಗೌರಿಹಬ್ಬ ಮುಗಿದು ಜಿಟಿಜಿಟಿ ಮಳೆ ಹಿಡಿದಿತ್ತು. ಪರೀಕ್ಷೆಗೆ ಕೂತ ಹುಡುಗಿ ನಾನೊಬ್ಬಳೇ. ಬೇರೆ ಬ್ಯಾಚು ಮಾಡುವ ಹಾಗಿರಲಿಲ್ಲವಾದ್ದರಿಂದ ಫೇಲಾದ ಹುಡುಗರ ನಡುವೆಯೇ ಬೆಳಗ್ಗೆ ನಿಲ್ಲಿಸಿದರು. ಪರೀಕ್ಷಕರೂ ಅವರೇ, ಅದೇ ಕರಿ ಕೋಟು. ಸೀಸವೇ ಬರಲಿ ಎಂದು ನಾನು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದೆ, ಸೀಸವೇ ಬಂತು. ಪುಡಿಯನ್ನು ನಾನೇ ತೂಗಿ ಕರಗಿಸಿ, ಎಲ್ಲರ ಶೆಲ್ಫಿನ ಆಸಿಡ್ ಬಿಟ್ಟೆ. ಬಿಳಿ ಬಿತ್ತು. ಕುದಿಸಿದೆ, ಕರಗಿತು. ಆರಿಸಿದೆ, ಸೂಜಿಯಂತೆ ಹೊಳೆಯುತ್ತ ಮರಳಿ ಬಂತು. ನನಗೆ ಸಂತೋಷವಾಗಲಿಲ್ಲ. ಐದು ನಿಮಿಷದ ಕೆಲಸ. ಇಷ್ಟೇ ಇಷ್ಟಕ್ಕೆ ನನ್ನ ಇಡೀ ಆಯುಷ್ಯದ ದಾರಿ ತಿರುಗಿತ್ತು.

ಪರೀಕ್ಷಕರು ಬಂದು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಗುರುತು ಹತ್ತಿತು. ಮುಖದಲ್ಲಿ ದೊಡ್ಡ ಮನಸ್ಸಿನ ನಗೆ ಮೂಡಿತು.

"ಭೇಷ್. ಈ ಸಲ ಸರಿಯಾಗಿ ಮಾಡಿದ್ದೀಯ."

"ಹೋದ ಸಲಾನೂ ಸರಿಯಾಗೇ ಮಾಡಿದ್ದೆ ಸರ್" ಎಂದೆ. "ಈ ಸಲ ನೀವು ಸರಿಯಾಗಿ ಕೊಟ್ಟಿದ್ದೀರಿ."